ತದಡಿ ಯಾವತ್ತಾದರೂ ದೊಡ್ಡ ಬಂದರಾಗಿತ್ತಾ?

ಗುಡ್ಡದಹಾದಿ:

ಹೋದ ತಿಂಗಳು ಗೋಕರ್ಣಕ್ಕೆ ಹೋಗಿದ್ದೆ. ಓಂ ಬೀಚಿನ ಗದ್ದಲ ಸಾಕಾಗಿ ಒಂದು ಮಧ್ಯಾಹ್ನ ಸುಮ್ನೆ ಬೈಕ್ ತೆಗೆದು ದಕ್ಷಿಣಕ್ಕೆ ಹೊರಟೆ. ಸಾಣಿಕಟ್ಟಾದ ಉಪ್ಪಿನ ಆಗರ ಸಿಕ್ಕಿತು, ಅದನ್ನೂ ದಾಟಿ ಹೋದರೆ ತದಡಿ, ಅಲ್ಲಿಗೆ ರಸ್ತೆಯೇ ಮುಗಿಯುತ್ತದೆ. ಒಂದು ದಕ್ಕೆ (ಬೋಟು ನಿಲ್ಲಿಸುವ ಕಟ್ಟೆ), ಸಾಲಾಗಿ ಕಟ್ಟಿದ ಬೋಟುಗಳು, ನೆರಳಲ್ಲಿ ಕೂತು ಬಲೆ ಹೊಲಿಯುವ ನಾಲ್ಕು ಜನ. ಎದುರು ದಡದ ಊರಿಗೂ ನದಿಗೂ ಒಂದೇ ಹೆಸರು, ಅಘನಾಶಿನಿ. ತಾರಿಯವರು ಬೈಕನ್ನೂ ದೋಣಿಗೆ ಹತ್ತಿಸಿಕೊಂಡು ಆಚೆ ಬಿಟ್ಟರು. ರಸ್ತೆಯಲ್ಲಿ ಸುತ್ತಿ ಬಂದಿದ್ದರೆ 30 ಕಿಲೋಮೀಟರಿಗೂ ಜಾಸ್ತಿ ಆಗ್ತಿತ್ತು.

ದೋಣಿಯಲ್ಲಿ ಕೂತಾಗ ತಲೆಗೆ ಹೊಕ್ಕ ಪ್ರಶ್ನೆ ಇನ್ನೂ ಹೋಗಿಲ್ಲ. ಎರಡೂ ಕಡೆ ಗುಡ್ಡ, ಮಧ್ಯೆ ಕಿರಿದಾದ ಬಾಯಿ, ಒಳಗೆ ನೋಡಿದರೆ ಕೆರೆಯ ಹಾಗೆ ಹರಡಿಕೊಂಡ ಶಾಂತ ನೀರು. ಹಡಗು ನಿಲ್ಲಿಸಲು ಇದಕ್ಕಿಂತ ಒಳ್ಳೆ ಜಾಗ ಬೇಕಾ? ಹಾಗಿದ್ದರೂ ಇತಿಹಾಸದಲ್ಲಿ ಹೊನ್ನಾವರ, ಭಟ್ಕಳ, ಕಾರವಾರ ಅಂತ ಓದುತ್ತೇವೆ, ತದಡಿ ಅಂತ ಯಾರೂ ಹೇಳುವುದಿಲ್ಲ. ಇದು ಯಾವತ್ತಾದರೂ ದೊಡ್ಡದಿತ್ತಾ, ಇದ್ದರೆ ಯಾಕೆ ಮುಳುಗಿತು? ಗೊತ್ತಿದ್ದವರು ಹೇಳಿ.

ಹಳೇನಕ್ಷೆ:

ಒಳ್ಳೆ ಪ್ರಶ್ನೆ, ಆದರೆ ಕೇಳಿದ ರೀತಿಯಲ್ಲೇ ಸಣ್ಣ ಎಡವಟ್ಟಿದೆ. ತದಡಿಯನ್ನು ಒಂಟಿಯಾಗಿ ನೋಡಬೇಡಿ. ಅದು ಬಾಗಿಲು ಅಷ್ಟೇ. ಅಂಗಡಿ ಇದ್ದದ್ದು ಒಳಗೆ, ಮಿರ್ಜಾನಿನಲ್ಲಿ.

ಹಳೇ ಕಾಲದ ಬಂದರುಗಳು ಸಾಮಾನ್ಯವಾಗಿ ಸಮುದ್ರದ ಅಂಚಿನಲ್ಲಿ ಇರುತ್ತಿರಲಿಲ್ಲ, ನದಿಯಲ್ಲಿ ಕೆಲವು ಮೈಲಿ ಒಳಗೆ ಇರುತ್ತಿದ್ದವು. ಬಸ್ರೂರು ನೋಡಿ, ವಾರಾಹಿಯ ದಡದಲ್ಲಿ ಒಳಗಿದೆ. ಗೇರುಸೊಪ್ಪೆಯಂತೂ ಶರಾವತಿಯಲ್ಲಿ ಇನ್ನೂ ಮೇಲೆ, ಹೆಚ್ಚುಕಡಿಮೆ ಘಟ್ಟದ ಬುಡದಲ್ಲಿ. ಒಳಗಿದ್ದರೆ ಕಡಲುಗಳ್ಳರ ಕಾಟ ಕಡಿಮೆ, ಮಳೆಗಾಲದ ಅಲೆ ತಟ್ಟುವುದಿಲ್ಲ, ಘಟ್ಟ ಇಳಿದು ಬರುವ ಎತ್ತುಗಳಿಗೂ ಹತ್ತಿರ. ಅಘನಾಶಿನಿಯಲ್ಲಿ ಆ ಜಾಗ ಮಿರ್ಜಾನ್. ಹೆದ್ದಾರಿಯಿಂದ ಅರ್ಧ ಕಿಲೋಮೀಟರ್ ಒಳಗೆ ಇರುವ ಕೆಂಪು ಕಲ್ಲಿನ ಕೋಟೆ ನೋಡಿಯೇ ಇರುತ್ತೀರಿ, ಇಲ್ಲದಿದ್ದರೆ ಮಳೆಗಾಲದಲ್ಲಿ ನೋಡಿ, ಗೋಡೆಯೆಲ್ಲ ಹಸಿರಾಗಿ ಬೇರೆಯೇ ಕಾಣುತ್ತದೆ.

ಆ ಕೋಟೆಯನ್ನು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿಗೆ ಹೇಳುತ್ತಾರೆ. 1552ರಿಂದ 1606ರವರೆಗೆ 54 ವರ್ಷ ಆಳಿದವಳು. ಪೋರ್ಚುಗೀಸರು ಅವಳನ್ನು ‘ರೈನ್ಹಾ ದ ಪಿಮೆಂಟಾ’, ಅಂದರೆ ಮೆಣಸಿನ ರಾಣಿ ಅಂತ ಕರೆಯುತ್ತಿದ್ದರು. ಮರ್ಯಾದೆಯ ಜತೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು ಅಂತ ನನ್ನ ಲೆಕ್ಕ, ಯಾಕೆಂದರೆ ಅವರೊಂದಿಗೆ ಅವಳು ವ್ಯಾಪಾರವನ್ನೂ ಮಾಡಿದಳು, ಯುದ್ಧವನ್ನೂ ಮಾಡಿದಳು. ಕೊನೆಗೆ ಅವಳನ್ನು ಸೋಲಿಸಿದ್ದು ಪೋರ್ಚುಗೀಸರಲ್ಲ, ಕೆಳದಿಯವರು. ಆಮೇಲೆ ಈ ಭಾಗ ಕೆಳದಿಗೆ ಹೋಯಿತು, ಮುಂದೆ ಹೈದರ್, ಟಿಪ್ಪು, 1799ರ ನಂತರ ಕಂಪನಿ. 2000–01ರಲ್ಲಿ ಕೋಟೆಯೊಳಗೆ ಅಗೆದಾಗ ಪೋರ್ಚುಗೀಸರ ಚಿನ್ನದ ನಾಣ್ಯ, ಫಿರಂಗಿ ಗುಂಡು, ಚೀನಾದ ಪಿಂಗಾಣಿ ಚೂರು ಸಿಕ್ಕವು. ಆ ಪಿಂಗಾಣಿ ಆಕಾಶದಿಂದ ಬಿದ್ದಿಲ್ಲವಲ್ಲ. ಹಡಗಿನಲ್ಲಿ ಬಂದು, ನೀವು ದಾಟಿದ ಅದೇ ಅಳಿವೆಯಲ್ಲಿ, ಅಂದರೆ ನದಿ ಸಮುದ್ರ ಸೇರುವ ಬಾಯಿಯಲ್ಲಿ, ಒಳಗೆ ಹೋದದ್ದು.

ಕಡಲಕಾಗೆ:

ಮಿರ್ಜಾನ್ ಅಂದರೆ ರೋಮಿನವರು ಬರೆದ ಮುಜಿರಿಸ್ ಅಲ್ವಾ? 2000 ವರ್ಷದ ಬಂದರು ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು.

ಹಳೇನಕ್ಷೆ:

ಹಾಗೆ ಊಹಿಸಿದವರು ಇದ್ದರು, ನಿಮ್ಮ ಮೇಷ್ಟ್ರು ಸುಳ್ಳು ಹೇಳಿದ್ದಲ್ಲ. ಹೆಸರಿನ ಸದ್ದು ಹತ್ತಿರ ಇದೆ ಅನ್ನುವುದು ಬಿಟ್ಟರೆ ಅದಕ್ಕೆ ದೊಡ್ಡ ಆಧಾರ ಇರಲಿಲ್ಲ. ಈಗ ಹೆಚ್ಚಿನವರು ಮುಜಿರಿಸ್ ಇದ್ದದ್ದು ಕೇರಳದ ಕೊಡುಂಗಲ್ಲೂರು ಕಡೆ ಅನ್ನುತ್ತಾರೆ. ಅಲ್ಲಿ ಪಟ್ಟಣಂ ಅನ್ನುವ ಊರಿನಲ್ಲಿ ಅಗೆದಾಗ ರೋಮನ್ ಕಾಲದ ಮಡಕೆ ಚೂರುಗಳು ರಾಶಿ ಸಿಕ್ಕಿವೆ. ಮಿರ್ಜಾನಿಗೆ ಮೆಣಸಿನ ರಾಣಿ ಸಾಕು, ರೋಮ್ ಬೇಡ.

ದಕ್ಕೆಮನೆ:

ನಾನು ತದಡಿಯವನೇ. ಹೊರಗಿನಿಂದ ಬಂದವರೆಲ್ಲ ಇದೇ ಮಾತು ಹೇಳುತ್ತಾರೆ, ಎಂಥಾ ನೈಸರ್ಗಿಕ ಬಂದರು, ಯಾಕೆ ಬೆಳೆಸಿಲ್ಲ ಅಂತ. ದಡದಲ್ಲಿ ನಿಂತು ನೋಡಿದರೆ ಹಾಗೇ ಕಾಣುತ್ತದೆ. ಬೋಟಿನಲ್ಲಿ ಕೂತು ನೋಡಬೇಕು ಮಾರಾಯ್ರೇ.

ಅಳಿವೆಯ ಹೊರಗೆ ಮರಳಿನ ದಿಬ್ಬ ಇದೆ. ನದಿ ಮಳೆಗಾಲದಲ್ಲಿ ಮೇಲಿನಿಂದ ಮರಳು ತರುತ್ತದೆ, ಸಮುದ್ರದ ಅಲೆ ಅದನ್ನು ಹಿಂದಕ್ಕೆ ತಳ್ಳುತ್ತದೆ, ಎರಡೂ ಸೇರುವಲ್ಲಿ ದಿಬ್ಬ ಕಟ್ಟಿಕೊಳ್ಳುತ್ತದೆ. ಅದು ಒಂದೇ ಜಾಗದಲ್ಲೂ ಇರುವುದಿಲ್ಲ. ಹೋದ ವರ್ಷ ಆಳ ಇದ್ದ ಕಡೆ ಈ ವರ್ಷ ಬೋಟಿನ ತಳ ತಾಗುತ್ತದೆ. ಮಳೆಗಾಲ ಮುಗಿದು ಮೊದಲ ಸಲ ಹೊರಗೆ ಹೋಗುವಾಗ ಹಳೇ ತಾಂಡೇಲರೂ (ಬೋಟು ನಡೆಸುವವರು) ನಿಧಾನ ಮಾಡುತ್ತಾರೆ, ನೀರಿನ ಬಣ್ಣ ನೋಡುತ್ತಾರೆ, ಅಲೆ ಎಲ್ಲಿ ಒಡೆಯುತ್ತಿದೆ ಅಂತ ನೋಡುತ್ತಾರೆ. ಒಡೆಯುವ ಜಾಗದಲ್ಲಿ ಆಳ ಇಲ್ಲ ಅಂತ ಲೆಕ್ಕ. ಮೀನು ತುಂಬಿಕೊಂಡು ಬಂದ ಬೋಟು ಇಳಿತದ ಹೊತ್ತಿಗೆ ಬಂದರೆ ಕೆಲವು ಸಲ ಹೊರಗೇ ಕಾಯಬೇಕು, ಭರತ ಬಂದ ಮೇಲೆ ಒಳಗೆ. ಅಲ್ಲಿಯವರೆಗೆ ಐಸ್ ಕರಗುತ್ತಾ ಇರುತ್ತದೆ, ಮೀನಿನ ದರವೂ ಕರಗುತ್ತಾ ಇರುತ್ತದೆ.

ನನ್ನ ಅಜ್ಜನ ಕಾಲದಲ್ಲಿ ಇದು ಅಷ್ಟು ದೊಡ್ಡ ತೊಂದರೆ ಆಗಿರಲಿಲ್ಲ. ಆಗಿನ ಮಚವೆಗಳು ಹಾಯಿ ಕಟ್ಟಿದ ಮರದ ಹಡಗುಗಳು, ಅವಕ್ಕೆ ಜಾಸ್ತಿ ಆಳ ಬೇಕಿರಲಿಲ್ಲ. ಮಂಗಳೂರು ಹಂಚು, ಉಪ್ಪು, ತೆಂಗಿನಕಾಯಿ, ಕಟ್ಟಿಗೆ ಎಲ್ಲ ಅದರಲ್ಲೇ ಓಡಾಡುತ್ತಿತ್ತು ಅಂತ ಹೇಳುತ್ತಿದ್ದರು. ಈಗಿನ ಸರಕು ಹಡಗಿಗೆ ಹತ್ತು ಹನ್ನೆರಡು ಮೀಟರ್ ಆಳ ಬೇಕು, ಅದಕ್ಕಿಂತ ಜಾಸ್ತಿಯೂ ಬೇಕಾಗಬಹುದು. ಅಷ್ಟು ಆಳ ಇಲ್ಲಿ ಬೇಕು ಅಂದರೆ ಅಗೆಯಬೇಕು, ಅಗೆದದ್ದು ಮುಂದಿನ ಮಳೆಗಾಲಕ್ಕೆ ಮತ್ತೆ ತುಂಬುತ್ತದೆ, ಮತ್ತೆ ಅಗೆಯಬೇಕು. ಒಳಗೆ ಅಗಲ ಇದೆ ನಿಜ. ಅಗಲ ಬೇರೆ, ಆಳ ಬೇರೆ. ಇಳಿತದಲ್ಲಿ ಬಂದು ನೋಡಿ, ನೀವು ಕೆರೆ ಅಂದುಕೊಂಡ ಜಾಗದಲ್ಲಿ ಹೆಂಗಸರು ಮೊಣಕಾಲು ನೀರಿನಲ್ಲಿ ನಿಂತು ಬೆಳಚು (ತಿನ್ನುವ ಚಿಪ್ಪುಮೀನು) ಹೆಕ್ಕುತ್ತಾ ಇರುತ್ತಾರೆ.

ಗುಡ್ಡದಹಾದಿ:

ಹೆಕ್ಕುತ್ತಿದ್ದವರನ್ನು ನೋಡಿದೆ! ದೂರದಿಂದ ಏನೋ ಗೊತ್ತಾಗಲಿಲ್ಲ, ನೀರಲ್ಲಿ ಏನೋ ಕಳೆದುಕೊಂಡು ಹುಡುಕುತ್ತಿದ್ದಾರೆ ಅಂದುಕೊಂಡಿದ್ದೆ. ಈಗ ನಾಚಿಕೆ ಆಗುತ್ತಿದೆ.

ಆದರೆ ಒಂದು ಪ್ರಶ್ನೆ ಉಳಿಯಿತು. ಬಾಯಿ ಕಿರಿದು, ಒಳಗೆ ಅಗಲ, ಹೀಗೆ ಯಾಕೆ? ಸಾಮಾನ್ಯವಾಗಿ ನದಿ ಸಮುದ್ರದ ಕಡೆ ಹೋಗ್ತಾ ಅಗಲ ಆಗಬೇಕಲ್ವಾ? ಮತ್ತೆ ಮಚವೆ ಕಾಲದಲ್ಲಿ ಆಳದ ತೊಂದರೆ ಇರಲಿಲ್ಲ ಅಂದರೆ, ಆಗಲಾದರೂ ಪಕ್ಕದ ಕುಮಟಾ ಬಂದರಿನ ಬದಲು ಇದು ದೊಡ್ಡದಾಗಬೇಕಿತ್ತು.

ಘಟ್ಟದಮೇಲೆ:

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಅದು ಮುಳುಗಿದ ಕಣಿವೆ. ಹಿಮಯುಗದಲ್ಲಿ ಸಮುದ್ರ ಈಗಿನದಕ್ಕಿಂತ 100 ಮೀಟರಿಗೂ ಜಾಸ್ತಿ ಕೆಳಗೆ ಇತ್ತು, ದಡ ಎಷ್ಟೋ ದೂರ ಪಶ್ಚಿಮಕ್ಕೆ ಇತ್ತು. ಆಗ ನದಿ ಈ ಗುಡ್ಡಗಳ ನಡುವೆ ಕಣಿವೆ ಕೊರೆದುಕೊಂಡು ಹೋಗಿತ್ತು. ಹಿಮ ಕರಗಿ ಸಮುದ್ರ ಏರಿತು, ಸುಮಾರು 6–7 ಸಾವಿರ ವರ್ಷದ ಹಿಂದೆ ಈಗಿನ ಮಟ್ಟದ ಹತ್ತಿರ ಬಂದು ನಿಂತಿತು. ಕಣಿವೆಯೊಳಗೆ ಉಪ್ಪುನೀರು ನುಗ್ಗಿ ತಗ್ಗಿನ ಜಾಗವೆಲ್ಲ ತುಂಬಿತು. ಬಾಯಿಯ ಹತ್ತಿರ ಎರಡೂ ಕಡೆ ಗಟ್ಟಿ ಗುಡ್ಡ, ಹಾಗಾಗಿ ಅಲ್ಲಿ ಅಗಲವಾಗಲಿಲ್ಲ. ಒಳಗೆ ಹೂಳು ಕೂತು ಗಜನಿ, ಕುರ್ವೆ ಎಲ್ಲ ಆದವು. (ಗಜನಿ ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆ, ಕುರ್ವೆ ಅಂದರೆ ನದಿ ನಡುವಿನ ದ್ವೀಪ. ಐಗಳಕುರ್ವೆ ಅಂತ ಒಂದಿದೆ ನೋಡಿ, ಜನವಸತಿಯೂ ಇದೆ.)

ಎರಡನೆಯದಕ್ಕೆ ಉತ್ತರ ಘಟ್ಟದ ಮೇಲೆ ಇದೆ. ನಾನು ಸಿರ್ಸಿ ಕಡೆಯವನು, ನಮಗೆ ಈ ಕಥೆ ಉಲ್ಟಾ ಕಾಣುತ್ತದೆ. ಬಂದರು ಎಲ್ಲಿ ಬೆಳೆಯಬೇಕು ಅನ್ನುವುದನ್ನು ಸಮುದ್ರ ಎಷ್ಟು ನಿರ್ಧರಿಸುತ್ತದೋ ದಾರಿಯೂ ಅಷ್ಟೇ ನಿರ್ಧರಿಸುತ್ತದೆ. ಮೊದಲು ಎತ್ತಿನ ಬೆನ್ನ ಮೇಲೆ ಸರಕು ಬರುವ ಕಾಲದಲ್ಲಿ ದೋಣಿ ಎಲ್ಲಿಯವರೆಗೆ ಮೇಲೆ ಬರುತ್ತದೋ ಅಲ್ಲಿ ಪೇಟೆ. ಅಘನಾಶಿನಿಯಲ್ಲಿ ಭರತದ ನೀರು ಎಷ್ಟೋ ಮೈಲಿ ಒಳಗೆ ಬರುತ್ತದೆ, ಅಲ್ಲಿ ಉಪ್ಪಿನಪಟ್ಟಣ ಅಂತ ಒಂದು ಊರಿದೆ. ಹೆಸರೇ ಹೇಳುತ್ತದೆ. ಸಾಣಿಕಟ್ಟಾದ ಉಪ್ಪು ದೋಣಿಯಲ್ಲಿ ಅಲ್ಲಿಗೆ, ಅಲ್ಲಿಂದ ಎತ್ತಿನ ಮೇಲೆ ನಮ್ಮ ಕಡೆ. ಇಳಿಯುವಾಗ ಮೆಣಸು, ಅಡಿಕೆ, ಅಕ್ಕಿ. ಈಗ ಹೋದರೆ ಪಟ್ಟಣವೂ ಇಲ್ಲ ಉಪ್ಪೂ ಇಲ್ಲ, ತೋಟ, ಗದ್ದೆ, ಹೊಳೆ.

ಆಮೇಲೆ ಬಂದದ್ದು ಗಾಡಿ ರಸ್ತೆ, ಮತ್ತು ಹತ್ತಿ. ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಸಿರ್ಸಿಗೆ ಬಂದು ದೇವಿಮನೆ ಘಟ್ಟ ಇಳಿದು ನೇರ ಕುಮಟಾಕ್ಕೆ ಹೋಗುತ್ತಿತ್ತು. ಘಟ್ಟ ಇಳಿದ ರಸ್ತೆ ದಿವಗಿಯಲ್ಲಿ ನದಿಯ ದಕ್ಷಿಣ ದಡಕ್ಕೆ ಬರುತ್ತದೆ, ಕುಮಟಾ ಅದೇ ದಡ. ತದಡಿ ಉತ್ತರ ದಡ. ಗಾಡಿ ತದಡಿಗೆ ಹೋಗಬೇಕು ಅಂದರೆ ಹೊಳೆ ದಾಟಬೇಕು, ಗದ್ದೆ ಕೆಸರು ಸುತ್ತಬೇಕು. ಯಾರು ಹೋಗುತ್ತಾರೆ? ಕುಮಟಾದ ಸಮುದ್ರ ತೆರೆದ ಕಡಲು, ಗಾಳಿ ಎದ್ದರೆ ಹಡಗಿಗೆ ಆಸರೆ ಇಲ್ಲ, ಆದರೂ ಗಾಡಿ ಅಲ್ಲಿಗೆ ಸಲೀಸು ಅಂತ ಅದೇ ಬೆಳೆಯಿತು. 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ನಿಂತು ಇಂಗ್ಲೆಂಡಿನ ಗಿರಣಿಗಳು ಭಾರತದ ಕಡೆ ತಿರುಗಿದಾಗ ‘ಕುಮಟಾ ಹತ್ತಿ’ ಅಂತ ಲಿವರ್‌ಪೂಲಿನ ತನಕ ಹೆಸರಾಗಿತ್ತು. ಕುಮಟಾದಲ್ಲಿ ಹತ್ತಿ ಬೆಳೆಯುವುದೇ ಇಲ್ಲ, ಅದು ಬೇರೆ ಮಾತು.

ಹಳೇನಕ್ಷೆ:

ಇದಕ್ಕೆ ಒಂದು ಮಾತು ಸೇರಿಸಬೇಕು. ಅದೇ ಹತ್ತಿಯ ಗಲಾಟೆಯಲ್ಲೇ 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಮುಂಬಯಿಯ ವ್ಯಾಪಾರಿಗಳಿಗೆ ಕಾರವಾರದ ಬಂದರು ಬೇಕಿತ್ತು. ಅಲ್ಲಿನ ಕೊಲ್ಲಿಗೆ ಗುಡ್ಡದ ಮರೆ ಇದೆ, ಹೊರಗೆ ದ್ವೀಪಗಳ ಅಡ್ಡ ಇದೆ, ಆಳವೂ ಇದೆ. ದುಡ್ಡು ಅಲ್ಲಿಗೆ ಹೋಯಿತು, ಜಿಲ್ಲಾ ಕೇಂದ್ರವೂ ಅಲ್ಲೇ ಆಯಿತು. 1880ರ ದಶಕದ ಕೊನೆಗೆ ಹುಬ್ಬಳ್ಳಿ ಕಡೆಯಿಂದ ಲೋಂಡಾ ಮೇಲೆ ಗೋವೆಯ ಮಾರ್ಮಗೋವಾಕ್ಕೆ ರೈಲು ಓಡಿತು ನೋಡಿ, ಕುಮಟಾದ ಹತ್ತಿಯೂ ಹೋಯಿತು, ಕಾರವಾರದ ಕನಸೂ ಅರ್ಧಕ್ಕೆ ನಿಂತಿತು. ಹುಬ್ಬಳ್ಳಿ–ಅಂಕೋಲಾ ರೈಲು ಇವತ್ತಿಗೂ ಘಟ್ಟ ಇಳಿದಿಲ್ಲ. ಹಾಗಾಗಿ ತದಡಿ ಮುಳುಗಿತು ಅನ್ನುವುದಕ್ಕಿಂತ ಸರದಿ ಬರುವ ಮೊದಲೇ ಆಟ ಮುಗಿಯಿತು ಅನ್ನಬಹುದೇನೋ.

ಕಡಲಕಾಗೆ:

ಸರದಿ ಬಂದಿತ್ತು ಸರ್, ಆಮೇಲೆ. 4000 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಬರುತ್ತೆ ಅಂದರು, ಜನ ಎದ್ದು ನಿಂತರು, ಹೋಯಿತು. ಮತ್ತೆ ದೊಡ್ಡ ವಾಣಿಜ್ಯ ಬಂದರು ಅಂದರು. ಅದೂ ಕಾಗದದಲ್ಲೇ ಉಳಿಯಿತು. ನಮ್ಮ ಜಿಲ್ಲೆಗೆ ಒಂದು ಉದ್ಯೋಗ ಬರಲಿ ಅಂದರೆ ಎಲ್ಲದಕ್ಕೂ ವಿರೋಧ. ಹುಡುಗರೆಲ್ಲ ಗೋವಾಕ್ಕೆ, ಬೆಂಗಳೂರಿಗೆ ಹೋಗುತ್ತಾ ಇದ್ದಾರೆ, ಇದನ್ನೂ ಬರೆಯಿರಿ.

ಕಾಂಡ್ಲಾಬೇರು:

ಹುಡುಗರು ಹೋಗುತ್ತಿರುವುದು ನಿಜ, ಅದರಲ್ಲಿ ತಕರಾರಿಲ್ಲ. ಆದರೆ ಉದ್ಯೋಗ ಅಂದ ಕೂಡಲೇ ಇಲ್ಲಿ ಈಗಾಗಲೇ ಇರುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ನನ್ನ ಸಿಟ್ಟು.

ಪಕ್ಕದ ಶರಾವತಿ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ವಿದ್ಯುತ್ ತಯಾರಿಸಲು ವರ್ಷವಿಡೀ ನೀರು ಬಿಡುತ್ತಾರೆ, ಬೇಸಿಗೆಯಲ್ಲೂ ಸಿಹಿನೀರು ಹರಿದು ಬರುತ್ತದೆ. ಕೇಳಲು ಒಳ್ಳೆಯದೇ ಅನಿಸುತ್ತದೆ ಅಲ್ವಾ? ಆದರೆ ಬೆಳಚಿಗೆ ಉಪ್ಪು ಬೇಕು. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು, ಆ ಏರಿಳಿತದಲ್ಲೇ ಅದು ಬದುಕುವುದು. ಹೊನ್ನಾವರದ ಅಳಿವೆಯಲ್ಲಿ ಉಪ್ಪು ಕಡಿಮೆಯಾಗಿ ಹಿಂದೆ ರಾಶಿ ಸಿಗುತ್ತಿದ್ದ ಬೆಳಚು ಹೆಚ್ಚುಕಡಿಮೆ ಇಲ್ಲದಂತಾಯಿತು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಸಿರ್ಸಿ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ತದಡಿಗೆ ಬರುವವರೆಗೆ ಅದರ ಪಾಡಿಗೆ ಅದು ಬರುತ್ತದೆ. ಅದಕ್ಕೇ ಇಲ್ಲಿ ಬೆಳಚು, ಕಲ್ವ (ಇನ್ನೊಂದು ಬಗೆಯ ಚಿಪ್ಪುಮೀನು) ಎಲ್ಲ ಇನ್ನೂ ಇವೆ, ಸಾವಿರಾರು ಮನೆಗೆ ಅದರಿಂದ ಒಲೆ ಉರಿಯುತ್ತದೆ. ಬೋಟು ಬೇಡ, ಎಂಜಿನ್ ಬೇಡ, ಒಂದು ಬುಟ್ಟಿ ಇದ್ದರೆ ಸಾಕು. ಯಾವ ಕಂಪನಿ ಬಂದರೂ ಅದೇ ಹೆಂಗಸರಿಗೆ ಅಷ್ಟು ಕೆಲಸ ಕೊಡುತ್ತದೆ ಅಂತ ನನಗೆ ನಂಬಿಕೆ ಇಲ್ಲ.

ಗಜನಿ ಭೂಮಿಯ ಕಥೆಯೂ ಇದೆ. ಉಪ್ಪುನೀರು ನುಗ್ಗುವ ಗದ್ದೆಯಲ್ಲಿ ಬೆಳೆಯುವ ಕಗ್ಗ ಅನ್ನುವ ಭತ್ತ ಇದೆ, ಎತ್ತರಕ್ಕೆ ಬೆಳೆಯುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ಭತ್ತ ಕೊಯ್ದ ಮೇಲೆ ಕಟ್ಟೆಯ ಜಂತ್ರದ (ತೂಬಿನ) ಬಾಗಿಲು ತೆಗೆದು ನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಸೀಗಡಿ, ಮೀನು. ಒಂದೇ ಜಾಗದಲ್ಲಿ ಎರಡು ಬೆಳೆ. ನಂತರ ಸೀಗಡಿಯ ದುಡ್ಡು ನೋಡಿ ಜನ ಭತ್ತ ಬಿಟ್ಟು ವರ್ಷವಿಡೀ ಸೀಗಡಿ ಹೊಂಡ ಮಾಡಿದರು, 1990ರ ದಶಕದ ಮಧ್ಯದಲ್ಲಿ ಬಿಳಿಚುಕ್ಕೆ ರೋಗ ಬಂತು, ಹೊಂಡಗಳು ಖಾಲಿಯಾದವು. ಕಟ್ಟೆ ನೋಡಿಕೊಳ್ಳುವವರಿಲ್ಲದೆ ಎಷ್ಟೋ ಗದ್ದೆ ಈಗ ಸುಮ್ನೆ ಉಪ್ಪುನೀರು ಕುಡಿಯುತ್ತಾ ಬಿದ್ದಿದೆ, ಕೆಲವು ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ತಾನಾಗಿಯೇ ಎದ್ದಿದೆ. 2024ರ ಜನವರಿಯಲ್ಲಿ ಈ ಅಳಿವೆ ಪ್ರದೇಶಕ್ಕೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ, ಜಾಗ ಸಿಕ್ಕಿತು, ಸುಮಾರು 4800 ಹೆಕ್ಟೇರ್.

ದಕ್ಕೆಮನೆ:

ರಾಮ್ಸಾರ್ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಎರಡೂ ಕಡೆಯವರು ಜಗಳ ಮಾಡುವಾಗ ನಮ್ಮ ದಕ್ಕೆಯ ಮಾತು ಬಿಟ್ಟುಹೋಗುತ್ತದೆ. ನಮಗೆ ದೊಡ್ಡ ಬಂದರು ಬೇಡ. ಈಗಿರುವ ಮೀನುಗಾರಿಕೆ ಬಂದರಿನಲ್ಲೇ ಹೂಳು ಸರಿಯಾಗಿ ತೆಗೆದು, ಅಳಿವೆಯಲ್ಲಿ ಬೋಟು ಹೋಗುವ ದಾರಿಗೆ ಗುರುತು ಹಾಕಿ, ರಾತ್ರಿ ಕಾಣುವ ದೀಪ ಇಟ್ಟರೆ ಸಾಕು. ಬೆಳಚು ಹೆಕ್ಕುವವರಿಗೆ ತೊಂದರೆ ಕೊಡುವವರು ನಾವಲ್ಲ, ನಮ್ಮ ಮನೆಯಿಂದಲೂ ಹೋಗುತ್ತಾರೆ. ನದಿ ತಳದಿಂದ ಚಿಪ್ಪು ಟನ್‌ಗಟ್ಟಲೆ ಎತ್ತುವುದನ್ನು ಬೇಕಾದರೆ ಕೇಳಿ.

@ಕಡಲಕಾಗೆ, ನನ್ನ ತಮ್ಮನೂ ಗೋವಾದಲ್ಲೇ ಇದ್ದಾನೆ, ಅಲ್ಲಿ ಅವನು ಮಾಡುವುದು ಬೋಟಿನ ಕೆಲಸವೇ. ನೀವು ಹೇಳಿದ್ದರಲ್ಲೂ ಹುರುಳಿದೆ, ಇವರು ಹೇಳಿದ್ದರಲ್ಲೂ ಇದೆ.

ಗುಡ್ಡದಹಾದಿ:

ಒಂದು ಪ್ರಶ್ನೆ ಕೇಳಿದ್ದಕ್ಕೆ ಇಷ್ಟೆಲ್ಲ ಬಂತು, ಎಲ್ಲರಿಗೂ ಥ್ಯಾಂಕ್ಸ್. ಬಾಗಿಲು ಮತ್ತು ಅಂಗಡಿಯ ಮಾತಿನಿಂದ ನಕ್ಷೆಯೇ ಬೇರೆ ಥರ ಕಾಣುತ್ತಿದೆ. ಮತ್ತೆ ಬರುವ ಯೋಚನೆ ಇದೆ. ಈ ಸಲ ತದಡಿಯಿಂದ ಶುರು ಮಾಡಿ ಮಿರ್ಜಾನ್, ದಿವಗಿ, ಉಪ್ಪಿನಪಟ್ಟಣ ಅಂತ ಹೊಳೆಯ ಪಕ್ಕದಲ್ಲೇ ಮೇಲಕ್ಕೆ ಹೋಗಬೇಕು. ಯಾವಾಗ ಬಂದರೆ ಒಳ್ಳೆಯದು?

ದಕ್ಕೆಮನೆ:

ದಕ್ಕೆ ನೋಡಬೇಕಿದ್ದರೆ ಮೇ ಕೊನೆಯೊಳಗೆ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್, ಬೋಟೆಲ್ಲ ದಡದಲ್ಲಿ ಮುಸುಕು ಹಾಕಿಕೊಂಡಿರುತ್ತವೆ. ಬೆಳಚು ಹೆಕ್ಕುವುದು ನೋಡಲು ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಬನ್ನಿ, ನೀರು ಜಾಸ್ತಿ ಇಳಿಯುತ್ತದೆ. ತಾರಿಗೆ ಹೊತ್ತು ನೋಡಿ ಬನ್ನಿ, ಕತ್ತಲಾದ ಮೇಲೆ ಬಂದು ನಿಂತು ಕೂಗಿದರೆ ಯಾರೂ ಇರುವುದಿಲ್ಲ, ಮತ್ತೆ ಸುತ್ತಿಕೊಂಡೇ ಹೋಗಬೇಕು.

ಘಟ್ಟದಮೇಲೆ:

ಉಪ್ಪಿನಪಟ್ಟಣದಲ್ಲಿ ಬೋರ್ಡ್ ನೋಡಿ ಇಳಿದು ‘ಇಲ್ಲಿ ಏನಿದೆ?’ ಅಂತ ಕೇಳಬೇಡಿ, ‘ಏನೂ ಇಲ್ಲ’ ಅಂತಾರೆ. ದೋಣಿ ಎಲ್ಲಿಗೆ ಬರುತ್ತಿತ್ತು ಅಂತ ಯಾರಾದರೂ ವಯಸ್ಸಾದವರನ್ನು ಕೇಳಿ.